ಎಡಗೈಗೊಂದು ಕೆಲಸ

ಕೊಯಮತ್ತೂರಿನಿಂದ ತಿರುಪ್ಪೂರಿನ ಕಡೆ ಹೋಗುವ ಟೌನ್ ಬಸ್ಸು ಅರ್ಧ ದಾರಿಯಲ್ಲಿ ಒಂದು ನೇಕಾರರ ಊರಿನಲ್ಲಿ ನಿಲ್ಲುತ್ತಿತ್ತು. ಎಂಬತ್ತರ ದಶಕದಲ್ಲಿ ನಾನು ಆ ಊರಿನ ಸೊಸೆ. ತವರು ಮಡತ್ತುಕುಳಂ ಕಡೆ, ಅಮರಾವತಿ ಹೊಳೆಯ ನೀರಿನಲ್ಲಿ ಭತ್ತ ಬೆಳೆಯುವ ಮನೆ. ಗಂಡ ಪಂಪು ತಯಾರಿಸುವ ಕಾರ್ಖಾನೆಯಲ್ಲಿ ಫಿಟ್ಟರ್. ಎರಡೂ ಮನೆಗಳಲ್ಲಿ ಕನ್ನಡವೇ ಮಾತು, ಹೊಸಿಲು ದಾಟಿದರೆ ತಮಿಳು. ಮದುವೆಗೆ ಮುಂಚೆ ಎರಡು ವರ್ಷ ಮೈಸೂರಿನ ಚಿಕ್ಕಮ್ಮನ ಮನೆಯಲ್ಲಿದ್ದೆ, ಅಲ್ಲಿಂದ ನಾನು ಹೊತ್ತು ತಂದದ್ದು ಎರಡು. ಒಂದು ಕನ್ನಡದ ಅಕ್ಷರ, ಇನ್ನೊಂದು ಯೋಗಾಸನ. ಅಕ್ಷರವನ್ನು ಊರಿನಲ್ಲಿ ಯಾರೂ ಕೇಳಲಿಲ್ಲ. ಯೋಗಾಸನವನ್ನು ಮಾತ್ರ ಬೇಕು ಬೇಕೆಂದು ಕೇಳಿದರು.

ಊರಿನ ಕಲ್ಯಾಣ ಮಂಟಪದಲ್ಲಿ ಮುಹೂರ್ತವಿಲ್ಲದ ದಿನಗಳಲ್ಲಿ ಬೆಳಿಗ್ಗೆ ಹೆಂಗಸರಿಗೆ ಪಾಠ ಮಾಡುತ್ತಿದ್ದೆ. ಬರುತ್ತಿದ್ದವರೆಲ್ಲ ಮಂಡಿನೋವು, ಸೊಂಟನೋವಿನವರು. ಯೋಗವೆಂದರೆ ಆ ಊರಿನಲ್ಲಿ ಎರಡೇ ಅರ್ಥ: ಒಂದೋ ತಲೆಕೆಳಗಾಗಿ ನಿಲ್ಲುವುದು, ಇಲ್ಲವೇ ಇದ್ದಬದ್ದ ರೋಗವೆಲ್ಲ ಓಡಿಹೋಗುವುದು. ಎರಡನ್ನೂ ನಾನು ಮಾಡಿಸುವುದಿಲ್ಲ ಎಂದರೆ ಅವರಿಗೆ ಬೇಜಾರು. ‘ಮತ್ತೆ ಏನ್ ಮಾಡಿಸ್ತೀರಿ?’ ಎಂದು ಒಬ್ಬಾಕೆ ಮುಖಕ್ಕೆ ಹೊಡೆದ ಹಾಗೆ ಕೇಳಿಯೂ ಬಿಟ್ಟಿದ್ದಳು. ಉಸಿರಾಡೋದು ಕಲಿಸ್ತೀನಿ ಎಂದಿದ್ದೆ. ಅದು ತನಗೆ ಬರುತ್ತದೆ ಎಂದು ಹೇಳಿ ಆಕೆ ಮರುದಿನದಿಂದ ಬರಲಿಲ್ಲ.

ಹೀಗಿರುವಾಗ ಒಂದು ಬೆಳಿಗ್ಗೆ, ಪಾಠ ಮುಗಿಸಿ ಚಾಪೆ ಸುತ್ತುತ್ತಿದ್ದಾಗ, ಮೂರನೆಯ ಬೀದಿಯ ನೇಕಾರರೊಬ್ಬರ ಹೆಂಡತಿ ಬಂದು ಬಾಗಿಲಲ್ಲಿ ನಿಂತರು. ನನಗಿಂತ ಹತ್ತು ಹನ್ನೆರಡು ವರ್ಷ ದೊಡ್ಡವರು. ಮುಖ ಬಾಡಿತ್ತು.

“ಟೀಚರಮ್ಮ, ನಮ್ಮನೆಯವರಿಗೆ ವಾತ ಬಡೀತು. ಎಡಗೈ, ಎಡಗಾಲು ಎರಡೂ ಬಿದ್ದೋಯ್ತು. ಆಸ್ಪತ್ರೇಲಿ ಇಟ್ಕೊಂಡು ಈಗ ಮನೆಗೆ ಕಳಿಸ್ಬಿಟ್ರು. ನೀವು ಬಂದು ಯೋಗ ಹೇಳ್ಕೊಟ್ರೆ ಸರಿಯಾಗುತ್ತೆ ಅಂತ ಎಲ್ಲಾರೂ ಅಂತಾರೆ.”

“ಡಾಕ್ಟರ್ ಏನಂದ್ರು ಅಕ್ಕಾ?”

“ಏನೋ ಅಂದ್ರು. ಅರ್ಧ ತಮಿಳು, ಅರ್ಧ ಇಂಗ್ಲೀಷು. ತಲೆ ಆಡಿಸ್ಕೊಂಡು ಬಂದೆ.”

ನಮ್ಮ ಜನ ಆಸ್ಪತ್ರೆಯಲ್ಲಿ ತಲೆ ಆಡಿಸುವುದರಲ್ಲಿ ನಿಸ್ಸೀಮರು. ತಿಳಿಯಿತೋ ಇಲ್ಲವೋ, ದೊಡ್ಡವರು ಹೇಳುತ್ತಿದ್ದಾರಲ್ಲ, ಎದುರು ಕೇಳಿದರೆ ಮರ್ಯಾದೆಯಲ್ಲ ಎಂದು ಹೂಂಗುಟ್ಟಿಕೊಂಡು ಹೊರಬರುತ್ತೇವೆ. ನನಗೆ ಸಿಟ್ಟು ಬಂತು, ಆಕೆಯ ಮೇಲಲ್ಲ. ಆದರೂ ಸ್ವರ ಗಡುಸಾಗಿಯೇ ಬಂತು: “ಅಕ್ಕಾ, ನಾನು ಡಾಕ್ಟರಲ್ಲ. ನಾಳೆ ಇಬ್ಬರೂ ಆಸ್ಪತ್ರೆಗೆ ಹೋಗೋಣ. ಅವರು ಏನು ಮಾಡಬಹುದು ಅಂತಾರೋ ಅಷ್ಟೇ ಮಾಡೋಣ.” ಆಕೆಗೆ ಸಮಾಧಾನವಾಗಲಿಲ್ಲ. ಮದ್ದು ಸಿಗುತ್ತದೆಂದು ಬಂದ ಕಡೆ ದಾರಿ ತೋರಿಸಿದರೆ ಯಾರಿಗೆ ತಾನೆ ಸಮಾಧಾನವಾಗುತ್ತದೆ?

ಮರುದಿನ ಕೊಯಮತ್ತೂರಿಗೆ ಹೋದೆವು. ಡಾಕ್ಟರಿಗೆ ಪುರುಸೊತ್ತಿರಲಿಲ್ಲ. ಅವರು ನಮ್ಮನ್ನು ಕೆಳಗಿನ ವ್ಯಾಯಾಮದ ಕೋಣೆಗೆ ಕಳಿಸಿದರು. ಅಲ್ಲಿದ್ದ ಫಿಸಿಯೋಥೆರಪಿಯ ಹೆಣ್ಣುಮಗಳಿಗೆ ನಮ್ಮ ಬೀದಿಯಲ್ಲಿ ಆಮೇಲೆ ಬಿದ್ದ ಹೆಸರು ‘ಎಕ್ಸರ್ಸೈಜ್ ಅಮ್ಮ’. ಕನ್ನಡಕ ಹಾಕಿದ, ನಗು ಕಡಿಮೆಯ ತಮಿಳು ಹುಡುಗಿ. ನಾನು ಯೋಗದ ಟೀಚರ್ ಎಂದೊಡನೆ ಅವಳ ಮುಖ ಬಿಗಿಯಿತು.

“ನೀವು ಏನೇನು ಮಾಡಿಸ್ತೀರಿ ಅಂತ ಆಮೇಲೆ ಹೇಳಿ,” ಎಂದಳು ತಮಿಳಿನಲ್ಲಿ. “ಏನೇನು ಮಾಡಿಸೋದಿಲ್ಲ, ಅದನ್ನ ಮೊದಲು ಹೇಳಿ.”

ನನ್ನನ್ನು ಅಲ್ಲಿಯವರೆಗೆ ಯಾರೂ ಹಾಗೆ ಕೇಳಿರಲಿಲ್ಲ. ಮೈ ಉರಿಯಿತು. ಆದರೆ ಕೇಳಿದ್ದು ಸರಿಯಾಗಿಯೇ ಇತ್ತು. ಉಸಿರು ಹಿಡಿದಿಡಿಸುವುದಿಲ್ಲ, ತಲೆ ಕೆಳಗೆ ಮಾಡಿಸುವುದಿಲ್ಲ, ಮಾತ್ರೆ ಬಿಡಿ ಎನ್ನುವುದಿಲ್ಲ, ವಾಸಿ ಮಾಡುತ್ತೇನೆ ಎನ್ನುವುದಿಲ್ಲ ಎಂದೆ. ಕೊನೆಯ ಮಾತು ಕೇಳಿ ಅವಳ ಭುಜ ಸ್ವಲ್ಪ ಸಡಿಲವಾಯಿತು. ಯಾರೋ ಒಬ್ಬ ರೋಗಿಗೆ ಯಾರೋ ಒಬ್ಬರು ಉಸಿರು ಕಟ್ಟಿಸಿ ಬಿ.ಪಿ. ಏರಿಸಿ ಕಳಿಸಿದ್ದನ್ನು ಅವಳು ಕಂಡಿದ್ದಳಂತೆ. ಕುರ್ಚಿ ಎಳೆದು ನಮ್ಮಿಬ್ಬರನ್ನೂ ಕೂರಿಸಿ ಒಂದೊಂದಾಗಿ ಹೇಳಿದಳು. ನಾನು ಅದನ್ನು ಪಕ್ಕದಲ್ಲೇ ಕನ್ನಡಕ್ಕೆ ತಿರುಗಿಸಿ ಅಕ್ಕನಿಗೆ ಹೇಳಿದೆ. ಸೋತ ಕೈಯನ್ನು ಹಿಡಿದು ಎಳೆದು ಎಬ್ಬಿಸಬಾರದು, ಭುಜದ ಕೀಲು ಜಾರುತ್ತದೆ. ಕಂಕುಳಿಗೆ ಕೈ ಹಾಕಿ ಎತ್ತಬಾರದು. ನೆಟ್ಟಗೆ ಕೂತಾಗಲೇ ನೀರು ಕುಡಿಸಬೇಕು, ಗುಟುಕು ಗುಟುಕಾಗಿ. ಬಿಸಿ ತಾಗಿದ್ದು ಆ ಕೈಗೆ ಗೊತ್ತಾಗುವುದಿಲ್ಲ, ಜೋಪಾನ. ನಿಂತಾಗ ಯಾವಾಗಲೂ ಎಡಗಡೆ ಒಬ್ಬರು ಇರಬೇಕು. ಮತ್ತೆ ಬಾಯಿ ಓರೆಯಾದರೆ, ಮಾತು ತೊದಲಿದರೆ ಮಲಗಿಸಿ ನೋಡುತ್ತ ಕೂರಬಾರದು, ಸಿಕ್ಕ ಗಾಡಿ ಹತ್ತಿ ಬರಬೇಕು.

“ನಾನು ತೋರಿಸಿದ್ದನ್ನ ಮನೇಲಿ ಮಾಡಿಸಿ,” ಎಂದಳು ನನಗೆ. “ಹೊಸದು ಏನಾದ್ರೂ ಮಾಡಿಸಬೇಕು ಅನ್ನಿಸಿದ್ರೆ ಬಂದು ಕೇಳಿ.”

ಅಕ್ಕ ಈ ಸಲ ತಲೆ ಆಡಿಸಲಿಲ್ಲ. ನೀರು ಕುಡಿಸುವುದನ್ನು ಇನ್ನೊಮ್ಮೆ ಹೇಳಿ ಎಂದು ಕೇಳಿದರು.

ಹಾಗೆ ನಾನು ಆ ಮನೆಗೆ ಹೋಗತೊಡಗಿದೆ. ಮುಂದಿನ ಕೋಣೆಯ ಮುಕ್ಕಾಲು ಭಾಗ ಮಗ್ಗವೇ. ನೆಲದಲ್ಲಿ ತೋಡಿದ ಗುಂಡಿ, ಗುಂಡಿಯೊಳಗೆ ಕಾಲು ಇಳಿಬಿಟ್ಟು ತುಳಿಯುವ ಹಲಗೆಗಳು, ಅಂಚಿನ ಮೇಲೆ ಕೂತು ನೇಯುವುದು. ಅವರ ಮಾತಿನಲ್ಲಿ ಅದು ‘ಕುಳಿ’. ಮಗ್ಗದ ಮೇಲೆ ಅರ್ಧ ನೇಯ್ದ ಸೀರೆ ಹಾಗೇ ಇತ್ತು, ಅದಕ್ಕೆ ಹಳೆಯ ಪಂಚೆ ಹೊದಿಸಿದ್ದರು. ಮನೆಯ ಯಜಮಾನರು ಪಕ್ಕದ ಮರದ ಕುರ್ಚಿಯಲ್ಲಿ ಕೂತು ಆ ಪಂಚೆಯನ್ನೇ ನೋಡುತ್ತಿದ್ದರು. ಎತ್ತರದ ಆಳು. ಸೀರೆಯ ಅಂಚು ಹಾಕುವುದರಲ್ಲಿ ಬೀದಿಗೇ ಹೆಸರು, ತಮಾಷೆಯಲ್ಲೂ ಅಷ್ಟೇ. ಈಗ ಮಾತು ಸ್ವಲ್ಪ ಮಂದ, ಆದರೆ ತಿಳಿಯುತ್ತಿತ್ತು. ಎಡಗೈ ತೊಡೆಯ ಮೇಲೆ ಮಲಗಿತ್ತು, ಮೇಲೊಂದು ಟವಲ್ಲು.

“ಬಾರಮ್ಮ ಟೀಚರು,” ಎಂದರು. “ನನ್ನ ತಲೆಕೆಳಗೆ ನಿಲ್ಲಿಸ್ತೀಯಾ? ಕಾಲು ಬೇಕಾಗೇ ಇಲ್ಲ, ನೋಡು, ಬಹಳ ಸುಲಭ.”

ನಾನು ನಕ್ಕೆ. ಅವರ ತಾಯಿ ನಗಲಿಲ್ಲ. ಎಂಬತ್ತರ ಹತ್ತಿರದ ಅಜ್ಜಿ, ಇನ್ನೂ ನೆಟ್ಟಗೆ ನಡೆಯುವವರು. ಮನೆಯಲ್ಲಿ ಎಣ್ಣೆ ಎಷ್ಟು, ಉಪ್ಪು ಎಷ್ಟು, ಯಾರು ಯಾವ ಹೊತ್ತಿಗೆ ಎದ್ದರು, ಎಲ್ಲವೂ ಅವರ ಕಣ್ಣಿನಲ್ಲಿ. ಮಗನ ತಟ್ಟೆಯಲ್ಲಿ ಎಡಭಾಗದ ಅನ್ನ ದಿನಾ ಹಾಗೇ ಉಳಿಯುತ್ತದೆ, ಹಸಿವೇ ಇಲ್ಲ ಎಂದು ಅಜ್ಜಿ ಕಣ್ಣೊರೆಸಿಕೊಂಡರು. ಎಕ್ಸರ್ಸೈಜ್ ಅಮ್ಮ ಇದನ್ನೂ ಹೇಳಿದ್ದಳು, ಈ ಕಾಯಿಲೆಯಲ್ಲಿ ಕೆಲವರಿಗೆ ಒಂದು ಪಕ್ಕವೇ ಮರೆತುಹೋಗುತ್ತದೆ ಎಂದು. ನಾನು ಎದ್ದು ತಟ್ಟೆಯನ್ನು ತಿರುಗಿಸಿ ಇಟ್ಟೆ. ಅವರು ಆ ಅನ್ನವನ್ನು ಆಗ ತಾನೆ ಬಡಿಸಿದರೋ ಎಂಬಂತೆ ನೋಡಿ, ತಿಂದು ಮುಗಿಸಿದರು. ಅಜ್ಜಿ ನನ್ನನ್ನು ತಮಿಳರ ಹಾಗೆ ಮುದ್ದಿನಿಂದ ‘ಕಣ್ಣು’ ಎಂದು ಕರೆಯತೊಡಗಿದ್ದು ಅಂದಿನಿಂದ.

ಅಜ್ಜಿಗೆ ಮಗನ ಮೇಲಿದ್ದ ಪ್ರೀತಿ ಅಷ್ಟಿಷ್ಟಲ್ಲ. ತೊಂದರೆಯೂ ಅದರಿಂದಲೇ. ಒಂದು ದಿನ ಹೋದಾಗ ಯಜಮಾನರ ಎಡ ಮುಂಗೈ ಮೇಲೆ ಬೊಬ್ಬೆ. ಮರಳು ಹುರಿದು ಬಟ್ಟೆಯಲ್ಲಿ ಕಟ್ಟಿ ಕಾವು ಕೊಟ್ಟಿದ್ದರು. ‘ಬಿಸಿ ಆಗ್ತಿದೆಯಾ?’ ಎಂದು ಕೇಳಿದರಂತೆ, ‘ಇಲ್ಲ’ ಎಂದರಂತೆ ಮಗ. ಬಿಸಿಯಾಗುತ್ತಿಲ್ಲ ಎಂದ ಮೇಲೆ ಇನ್ನೂ ಬಿಸಿ ಮಾಡಿದ್ದಾರೆ. ನಾನು ಬೈಯಲು ಬಾಯಿ ತೆರೆದವಳು ಅಜ್ಜಿಯ ಮುಖ ನೋಡಿ ಸುಮ್ಮನಾದೆ. ಬೊಬ್ಬೆಯನ್ನು ನಾನೇ ಮುಟ್ಟಲು ಹೋಗದೆ ಊರಿನ ನರ್ಸಮ್ಮನ ಹತ್ತಿರ ಕಟ್ಟು ಹಾಕಿಸಿದೆವು. ಆಮೇಲೆ ಆ ಮರಳಿನ ಗಂಟನ್ನು ಅಜ್ಜಿಯೇ ಹಿತ್ತಲಿಗೆ ಎಸೆದರು.

ನನ್ನ ಕೆಲಸ ಹೊರಗಿನಿಂದ ನೋಡಿದವರಿಗೆ ಕೆಲಸದಂತೆಯೇ ಕಾಣುತ್ತಿರಲಿಲ್ಲ. ಅವರನ್ನು ನೆಟ್ಟಗೆ ಕೂರಿಸಿ, ಎರಡೂ ಪಾದ ನೆಲಕ್ಕೆ ತಾಗುವಂತೆ ಮಾಡಿ, ಮೆಲ್ಲಗೆ ಉಸಿರಾಡಿಸುವುದು. ಬಲಗೈಯಿಂದ ಎಡಗೈಯನ್ನು ಬೆರಳಿನಿಂದ ಭುಜದವರೆಗೆ ಮುಟ್ಟಿಸುವುದು, ಮುಟ್ಟಿದ ಕಡೆ ಕಣ್ಣಿಟ್ಟು ನೋಡಿಸುವುದು. ಆಸ್ಪತ್ರೆಯಲ್ಲಿ ತೋರಿಸಿದ ಹಾಗೆ ಮೇಜಿನ ಮೇಲೆ ಕೈ ಜಾರಿಸುವುದು. ದಣಿದರೆ ನಿಲ್ಲಿಸುವುದು. ಬೀದಿಯ ಹೆಂಗಸರು ಕಿಟಕಿಯಲ್ಲಿ ಇಣುಕಿ, ‘ಇಷ್ಟಕ್ಕೆ ಟೀಚರ್ ಯಾಕೆ?’ ಎಂದು ನನಗೆ ಕೇಳುವ ಹಾಗೆಯೇ ಪಿಸುಗುಟ್ಟುತ್ತಿದ್ದರು. ನನಗೂ ಕೆಲವು ದಿನ ಹಾಗೇ ಅನ್ನಿಸುತ್ತಿತ್ತು. ಆದರೆ ಒಂಟಿಯಾಗಿ ಕೂತು ತನ್ನದೇ ಕೈಯನ್ನು ದಿಟ್ಟಿಸುವ ಧೈರ್ಯ ಎಲ್ಲರಿಗೂ ಇರುವುದಿಲ್ಲ. ಪಕ್ಕದಲ್ಲಿ ಒಬ್ಬರು ಇದ್ದರೆ ಆಗುತ್ತದೆ.

ಕಾಲು ನಿಧಾನವಾಗಿ ಸುಧಾರಿಸಿತು. ಕೋಲು ಹಿಡಿದು, ಎಡಗಡೆ ಹೆಂಡತಿಯನ್ನಿಟ್ಟುಕೊಂಡು ಬಾಗಿಲವರೆಗೆ ನಡೆಯುವಂತಾಯಿತು. ಕೈಯದ್ದೇ ಚಿಂತೆ. ನಾನಿದ್ದಾಗ ಬೆರಳು ಅಲ್ಲಾಡುತ್ತಿದ್ದವು, ಹೆಬ್ಬೆರಳು ತೋರುಬೆರಳು ಹತ್ತಿರ ಬಂದು ಏನಾದರೂ ಹಿಡಿಯುವಷ್ಟಾಗಿತ್ತು. ಮುಂದಿನ ಸಲ ಹೋದರೆ ಅದೇ ಟವಲ್ಲು, ಅದೇ ಕೈ ಮುದುಡಿಕೊಂಡು ಮಲಗಿರುತ್ತಿತ್ತು. “ದಿನದ ಕೆಲಸದಲ್ಲಿ ಆ ಕೈ ಸೇರಬೇಕು,” ಎಂದು ಎಕ್ಸರ್ಸೈಜ್ ಅಮ್ಮ ಪ್ರತಿ ಸಲವೂ ಹೇಳುತ್ತಿದ್ದಳು. “ಲೋಟ ಕೊಡೋದು, ಟವಲ್ ಎತ್ತಿ ಕೊಡೋದು, ಇಂಥದ್ದೇ ಸಾಕು. ನೀವು ಮಾಡಿಸೋ ಅರ್ಧ ಗಂಟೆಯಿಂದ ಮಾತ್ರ ಆಗೋದಿಲ್ಲ.” ಮನೆಗೆ ಬಂದು ನಾನೂ ಹೇಳುತ್ತಿದ್ದೆ. ಎಲ್ಲರೂ ಆಗಲಿ ಎನ್ನುತ್ತಿದ್ದರು.

ಯಾಕೆ ಆಗುತ್ತಿಲ್ಲ ಎಂಬುದು ಒಂದು ಮಧ್ಯಾಹ್ನ ತಿಳಿಯಿತು. ಅಂದು ಪಾಠ ಮುಗಿಸಿ, “ಯಜಮಾನರೇ, ಬಾಯಾರಿದೆ, ನೀವೇ ನೀರು ಕೊಡಿ,” ಎಂದೆ. ಕಾಲು ಲೋಟ ನೀರು ಅವರ ಎಡಗಡೆಯ ಸ್ಟೂಲಿನ ಮೇಲಿತ್ತು. ಅವರು ನನ್ನ ಉಪಾಯ ಗೊತ್ತಾಗಿ ನಕ್ಕರು. ಎಡಗೈ ಚಾಚಿದರು. ಬೆರಳು ಲೋಟದ ಸುತ್ತ ಒಂದೊಂದಾಗಿ ಕೂಡಿಕೊಂಡವು. ಹಣೆಯ ಮೇಲೆ ಬೆವರು. ಲೋಟ ಸ್ಟೂಲಿನಿಂದ ಮೇಲೆದ್ದಿತು, ನಡುಗುತ್ತ ನನ್ನ ಕಡೆ ಬಂತು. ಅಷ್ಟು ಹೊತ್ತು ಆ ಕೈ ಕೆಲಸ ಮಾಡಿದ್ದನ್ನು ನಾನು ನೋಡಿಯೇ ಇರಲಿಲ್ಲ. ಖುಷಿಯಿಂದ ಕೈ ಮುಂದೆ ಮಾಡಿದೆ.

ಅಷ್ಟರಲ್ಲಿ ಅಜ್ಜಿ ಅಡುಗೆಮನೆಯಿಂದ ಓಡಿಬಂದು ಲೋಟ ಕಿತ್ತುಕೊಂಡರು.

“ಮನೆಗೆ ಬಂದ ಹೆಣ್ಣುಮಗೂಗೆ ಎಡಗೈಲಿ ನೀರು ಕೊಡ್ತಾರೇನೋ? ನಿಂಗೆ ಕಾಯಿಲೆ ಬಂದಿರೋದು ಕೈಗೆ, ಬುದ್ಧಿಗಲ್ಲ!”

ಯಜಮಾನರು ಎಡಗೈಯನ್ನು ಬಲಗೈಯಿಂದ ಎತ್ತಿ ತೊಡೆಯ ಮೇಲಿಟ್ಟು ಟವಲ್ಲು ಎಳೆದುಕೊಂಡರು. ಅಜ್ಜಿ ಬೇರೆ ಲೋಟದಲ್ಲಿ ನೀರು ತಂದು, ಬಲಗೈಗೆ ಎಡಗೈ ತಾಗಿಸಿ, ಮರ್ಯಾದೆಯಿಂದ ನನಗೆ ಕೊಟ್ಟರು.

ಮನೆಗೆ ನಡೆದು ಬರುತ್ತ ಎಲ್ಲ ಅರ್ಥವಾಯಿತು. ಎಡಗೈಯಿಂದ ಕೊಡಬಾರದು, ತೆಗೆದುಕೊಳ್ಳಬಾರದು, ಉಣ್ಣಬಾರದು, ಒಳ್ಳೆಯ ಕೆಲಸಕ್ಕೆ ಮುಂದೆ ಚಾಚಬಾರದು. ನಾನೂ ಹಾಗೇ ಬೆಳೆದವಳು. ಚಿಕ್ಕಂದಿನಲ್ಲಿ ಎಡಗೈಯಿಂದ ಬೆಲ್ಲ ತೆಗೆದುಕೊಂಡದ್ದಕ್ಕೆ ನನ್ನ ಅಜ್ಜಿ ಬೆರಳ ಗೆಣ್ಣಿಗೆ ಹೊಡೆದದ್ದು ನೆನಪಿದೆ. ಬಲಗಡೆ ಸೋತಿದ್ದರೆ ಮನೆಯವರೆಲ್ಲ ಸೇರಿ ಆ ಕೈಗೆ ಕೆಲಸ ಕೊಡುತ್ತಿದ್ದರು. ಸೋತದ್ದು ಎಡಗೈ. ಅದಕ್ಕೆ ಮೊದಲಿನಿಂದಲೂ ಮನೆಯಲ್ಲಿ ಜಾಗವಿಲ್ಲ, ಈಗ ಯಾರು ಕರೆಯುತ್ತಾರೆ? ನನಗೆ ಅಳು ಬಂತು, ಅದಕ್ಕಿಂತ ಹೆಚ್ಚು ಕೋಪ ಬಂತು. ಹೋಗಿ ಅಜ್ಜಿಗೆ ನಾಲ್ಕು ಮಾತು ಅಂದುಬಿಡಬೇಕು ಎಂದುಕೊಂಡೆ.

ಅನ್ನುವ ಮೊದಲು ಆಸ್ಪತ್ರೆಗೆ ಹೋದದ್ದು ಒಳ್ಳೆಯದಾಯಿತು. ಎಕ್ಸರ್ಸೈಜ್ ಅಮ್ಮ ಎಲ್ಲ ಕೇಳಿ, ಕನ್ನಡಕ ತೆಗೆದು ಒರೆಸಿದಳು. “ಅಜ್ಜಿ ಜೊತೆ ಜಗಳ ಆಡಬೇಡಿ. ನೀವು ವಾರಕ್ಕೆ ಕೆಲವು ಸಲ ಹೋಗ್ತೀರಿ. ದಿನಾ ಅವರನ್ನ ನೋಡಿಕೊಳ್ಳೋದು ಅಜ್ಜಿ. ಕೊಡದೆ, ತಗೊಳ್ಳದೆ, ಎಡಗೈ ಮಾಡೋ ಕೆಲಸ ಆ ಮನೇಲಿ ಏನೂ ಇಲ್ವಾ? ಯೋಚನೆ ಮಾಡಿ.” ನೇಕಾರಿಕೆ ಅವಳಿಗೆ ಗೊತ್ತಿಲ್ಲ, ನನಗೂ ಅಷ್ಟಕ್ಕಷ್ಟೇ. ಹೊಲ ಗದ್ದೆಯ ಮನೆಯಿಂದ ಬಂದವಳು ನಾನು.

ಅಕ್ಕನನ್ನೇ ಕೇಳಿದೆ. ಆಕೆ ಮೂಲೆಯಲ್ಲಿದ್ದ ರಾಟೆ ತೋರಿಸಿದರು. ಮಗ್ಗದಲ್ಲಿ ಅಡ್ಡ ನೂಲು ಹಾಯಿಸುವ ಲಾಳಿಯೊಳಗೆ ಕೂರುವ ಸಣ್ಣ ನೂಲಿನ ಸುರುಳಿಗೆ ಕಂಡಿಕೆ ಎನ್ನುತ್ತಾರೆ. ರಾಟೆಯಲ್ಲಿ ಕಂಡಿಕೆ ಸುತ್ತುವಾಗ ಬಲಗೈ ಚಕ್ರ ತಿರುಗಿಸುತ್ತದೆ, ಎಡಗೈಯ ಎರಡು ಬೆರಳು ನೂಲನ್ನು ಸಡಿಲವಾಗಿ ಹಿಡಿದು ಆಚೆ ಈಚೆ ಆಡಿಸುತ್ತವೆ. ಅಲ್ಲಿ ಯಾರಿಗೂ ಏನೂ ಕೊಡುವುದಿಲ್ಲ. ಎಡಗೈಗೆ ಆ ಕೆಲಸ ಹುಟ್ಟಿನಿಂದಲೇ ಒಪ್ಪಿಗೆಯಾದದ್ದು. ನನಗೆ ಕುಣಿಯುವಂತಾಯಿತು. ರಾಟೆಯ ಕೆಲಸವನ್ನು ಕೈಯಾಡಿಸಿ ಎಕ್ಸರ್ಸೈಜ್ ಅಮ್ಮನಿಗೆ ತೋರಿಸಿ, ಅವಳ ಒಪ್ಪಿಗೆ ತಂದೆ. ರಾಟೆಯನ್ನು ಮೇಜಿನ ಎತ್ತರಕ್ಕೆ ಇಡಬೇಕು, ಮೊಣಕೈ ಕೆಳಗೆ ದಿಂಬು ಇರಬೇಕು, ನೂಲು ಬೆರಳನ್ನು ಕೊಯ್ಯದಂತೆ ನೋಡುತ್ತಿರಬೇಕು, ಭುಜ ನೋಯಿತೆಂದರೆ ಅಲ್ಲಿಗೇ ಬಿಡಬೇಕು ಎಂದಳು.

ಎಲ್ಲ ಸಿದ್ಧವಾದ ಮೇಲೆ ಯಜಮಾನರು ಒಲ್ಲೆ ಎಂದರು.

“ರಾಟೆ ಹೆಂಗಸರ ಕೆಲಸ. ನಾನು ಕುಳೀಲಿ ಕೂರೋವನು. ಬೀದಿಯವರು ನೋಡಿ ನಗಲಿ ಅಂತಾನಾ?”

ಎಷ್ಟು ಹೇಳಿದರೂ ಜಗ್ಗಲಿಲ್ಲ. ಕೊನೆಗೆ ದಾರಿ ತೋರಿಸಿದ್ದು ಅವರ ಹೆಂಡತಿ. ಆಕೆ ಬೇರೆ ಏನೂ ಮಾತಾಡದೆ ಗಂಡನ ಮುಂದೆಯೇ ರಾಟೆ ಇಟ್ಟುಕೊಂಡು ಕಂಡಿಕೆ ಸುತ್ತತೊಡಗಿದರು, ಬೇಕೆಂದೇ ಕೆಟ್ಟದಾಗಿ. ಒಂದು ಕಡೆ ಉಬ್ಬು, ಇನ್ನೊಂದು ಕಡೆ ತಗ್ಗು. ಅವರು ಸ್ವಲ್ಪ ಹೊತ್ತು ಹಲ್ಲು ಕಚ್ಚಿಕೊಂಡು ನೋಡಿದರು.

“ಏನೇ ಅದು? ಬಸುರಿ ಹೊಟ್ಟೆ ಥರ ಸುತ್ತಿದ್ದೀಯಾ! ಲಾಳಿ ಒಳಗೆ ಹೋಗುತ್ತಾ ಅದು?”

“ನಂಗೆ ಬರೋದೇ ಇಷ್ಟು,” ಎಂದರು ಆಕೆ. “ಬರೋರು ಯಾರಾದ್ರೂ ಇದ್ರೆ ತೋರಿಸ್ಲಿ.”

ನಾನು ಕಿಟಕಿಯ ಕಡೆ ತಿರುಗಿ ನಗು ಬಚ್ಚಿಟ್ಟುಕೊಂಡೆ. ತೋರಿಸಲು ಕೂತವರು ಏಳಲಿಲ್ಲ. ಮೊದಲು ನೂಲು ಜಾರುತ್ತಿತ್ತು, ಬೆರಳು ಹಿಡಿದದ್ದನ್ನು ಬಿಡುತ್ತಿರಲಿಲ್ಲ, ಬಿಟ್ಟದ್ದನ್ನು ಹಿಡಿಯುತ್ತಿರಲಿಲ್ಲ. ತಾನು ಸುತ್ತಿದ ಮೊದಲ ಕಂಡಿಕೆಯನ್ನು ಎತ್ತಿ ನೋಡಿ, ‘ಇದೂ ಬಸುರಿಯೇ’ ಎಂದು ಅವರೇ ನಕ್ಕರು. ಬೇಸಗೆ ಹೋಗಿ ಮಳೆಗಾಳಿ ಬೀಸುವ ಹೊತ್ತಿಗೆ ಆ ಕೈ ಟವಲ್ಲಿನ ಹೊರಗೇ ಇರುತ್ತಿತ್ತು. ಬೀದಿಯವರು ನಕ್ಕರೋ ಇಲ್ಲವೋ ಅವರಿಗೆ ನೆನಪೇ ಇರಲಿಲ್ಲ.

ಆದರೆ ಕುಳಿ ಅವರ ತಲೆಯಿಂದ ಹೋಗಿರಲಿಲ್ಲ. ಆಯುಧಪೂಜೆ ಹತ್ತಿರ ಬಂದಂತೆ ಮನೆಯಲ್ಲಿ ಅದೇ ಮಾತು. ಆಯುಧಪೂಜೆಯ ದಿನ ಮಗ್ಗ ತೊಳೆದು, ಗಂಧ ಕುಂಕುಮ ಇಟ್ಟು, ನೇಯದೆ ಹಾಗೇ ಬಿಡುತ್ತಾರೆ. ಮರುದಿನ ವಿಜಯದಶಮಿಯಂದು ಮನೆಯ ಯಜಮಾನ ಕುಳಿಗೆ ಇಳಿದು ಮೊದಲ ನಾಲ್ಕು ಎಳೆ ಹಾಕಬೇಕು. ಆಮೇಲೆಯೇ ವರ್ಷದ ನೇಯ್ಗೆ. ಅವರು ಇಳಿಯದೆ ಹೋದರೆ ಈ ಮನೆಯ ಮಗ್ಗ ಏಳುವುದೇ ಇಲ್ಲ ಎಂಬುದು ಅಜ್ಜಿಯ ನಂಬಿಕೆ. ಇಳಿದರೆ ಕಾಲು ತಾನಾಗಿ ತುಳಿಯುವುದನ್ನು ನೆನಪು ಮಾಡಿಕೊಳ್ಳುತ್ತದೆ ಎಂಬುದು ಬೀದಿಯವರ ನಂಬಿಕೆ. ಆಸ್ಪತ್ರೆಯಲ್ಲಿ ಕೇಳಿದೆವು. ಗುಂಡಿಗೆ ಇಳಿಸುವುದು ಈಗ ಸುತರಾಂ ಬೇಡ, ಬಿದ್ದು ಸೊಂಟ ಮುರಿದರೆ ಇಷ್ಟು ದಿನದ್ದೆಲ್ಲ ಹೋಯಿತು ಎಂದಳು ಎಕ್ಸರ್ಸೈಜ್ ಅಮ್ಮ. ಮನೆಯಲ್ಲಿ ಹೇಳಿದೆ. ಎಲ್ಲರೂ ಆಗಲಿ ಎಂದರು. ಆ ‘ಆಗಲಿ’ಯ ಬೆಲೆ ನನಗೆ ಗೊತ್ತಿತ್ತು.

ವಿಜಯದಶಮಿಯ ಬೆಳಿಗ್ಗೆ ಅದಕ್ಕೇ ಬೇಗ ಹೋದೆ. ಹಿಂದಿನ ದಿನ ಜೋರು ಮಳೆ. ಒಳಗೆ ಹೋಗಿ ನೋಡಿದರೆ ನಾನಂದುಕೊಂಡ ಹಾಗೇ. ಯಜಮಾನರಿಗೆ ಹೊಸ ಪಂಚೆ ಉಡಿಸಿ ಕುಳಿಯ ಪಕ್ಕದಲ್ಲೇ ಕುರ್ಚಿಯಲ್ಲಿ ಕೂರಿಸಿದ್ದಾರೆ. ಅಕ್ಕಪಕ್ಕದ ಮನೆಯ ಇಬ್ಬರು ಗಂಡಸರು ಕಂಕುಳಿಗೆ ಕೈ ಹಾಕಲು ಸಿದ್ಧವಾಗಿ ನಿಂತಿದ್ದಾರೆ. ಅಜ್ಜಿಯ ಕೈಯಲ್ಲಿ ಆರತಿ ತಟ್ಟೆ. ಕುಳಿಯ ಮಣ್ಣು ಮಳೆಗೆ ಜಿನುಗಿ ಕಪ್ಪಾಗಿ ಹೊಳೆಯುತ್ತಿದೆ. ಅಕ್ಕ ಒಂದು ಮೂಲೆಯಲ್ಲಿ ನಿಂತು ನನ್ನನ್ನು ಕಂಡು ಕಣ್ಣು ಮುಚ್ಚಿಕೊಂಡರು, ಸದ್ಯ ಬಂದಿರಲ್ಲ ಎನ್ನುವ ಹಾಗೆ.

“ಅಜ್ಜೀ, ಬೇಡ ಅಂದಿದ್ದರಲ್ಲ ಆಸ್ಪತ್ರೇಲಿ!”

“ನಾಲ್ಕು ಎಳೆ, ಕಣ್ಣು, ನಾಲ್ಕೇ ಎಳೆ. ಇಳಿಸಿ, ಹಾಕ್ಸಿ, ಎತ್ಬಿಡ್ತಾರೆ. ಯಜಮಾನ ಕೈ ಹಾಕ್ದಿದ್ರೆ ಅದು ಮಗ್ಗಾನಾ, ಸೌದೆಯಾ?”

ನನಗೆ ಕಿರುಚಬೇಕೆನ್ನಿಸಿತು. ಅಷ್ಟರಲ್ಲಿ ಯಜಮಾನರೇ ಹೇಳಿದರು: “ನಾನೇ ಇಳಿಸಿ ಅಂದೆ ಟೀಚರಮ್ಮ. ಅವ್ವನ ಬೈಬೇಡ.”

ಮೈ ಅವರದು, ಮಗ್ಗ ಅವರದು, ಮನೆ ಅವರದು. ನಾನು ಯಾರು? ಹಗ್ಗ ಹಾಕಿ ಕಟ್ಟಲೇ? ಆದರೆ ಬಿದ್ದರೆ ಏನಾಗುತ್ತದೆ ಎಂಬುದು ನನಗೆ ಗೊತ್ತಿತ್ತು. ಅವರ ಎಡಗಡೆ ಹೋಗಿ ನೆಲದ ಮೇಲೆ ಕೂತೆ.

“ಇಳಿಯೋದು ಬಿಡೋದು ನಿಮ್ಮಿಷ್ಟ. ಅದಕ್ಕೆ ಮೊದಲು ದಿನಾ ಮಾಡೋ ಒಂದು ಪಾಠ ಮಾಡಿ. ಕಣ್ಣು ಮುಚ್ಚಿ. ಎಡಗಾಲು ಎಲ್ಲಿದೆ ಹೇಳಿ.”

ಅವರು ಕಣ್ಣು ಮುಚ್ಚಿದರು. “ನೆಲದ ಮೇಲೆ. ಬಲಗಾಲಿನ ಪಕ್ಕ, ನೆಟ್ಟಗೆ.”

“ಈಗ ನೋಡಿ.”

ನೋಡಿದರು. ಎಡಗಾಲು ಕುರ್ಚಿಯ ಕಾಲಿನ ಹಿಂದಕ್ಕೆ ಜಾರಿ, ಪಾದ ಪಕ್ಕಕ್ಕೆ ಹೊರಳಿಕೊಂಡಿತ್ತು. ಅವರು ಅದನ್ನು ತುಂಬ ಹೊತ್ತು ನೋಡಿದರು. ಆಮೇಲೆ ಕುಳಿಯೊಳಗಿನ ಆ ಒದ್ದೆ ಮಣ್ಣನ್ನು, ತುಳಿಯುವ ಹಲಗೆಗಳನ್ನು ನೋಡಿದರು. ಆರತಿಯ ಕರ್ಪೂರ ಸಣ್ಣಗೆ ಉರಿಯುತ್ತಿತ್ತು.

“ಬೇಡ,” ಎಂದರು. ಗಂಡಸರಿಬ್ಬರೂ ಹಿಂದೆ ಸರಿದರು. ಯಜಮಾನರು ಹೆಂಡತಿಯ ಕಡೆ ತಿರುಗಿದರು. “ನೀನು ಇಳಿ.”

ಆಕೆ ಅತ್ತೆಯ ಮುಖ ನೋಡಿದರು. ಬೇರೆ ದಿನಗಳಲ್ಲಿ ಗಂಡನ ಪಕ್ಕ ಕೂತು ಅಂಚು ನೇಯ್ದವರೇ. ವಿಜಯದಶಮಿಯ ಮೊದಲ ಎಳೆ ಮಾತ್ರ ಆ ಮನೆಯಲ್ಲಿ ಹೆಂಗಸರು ಹಾಕಿದ್ದಿಲ್ಲ. ಅಜ್ಜಿ ಹೂಂ ಎನ್ನಲಿಲ್ಲ, ಉಹೂಂ ಎನ್ನಲಿಲ್ಲ. ಅಕ್ಕ ಸೆರಗು ಬಿಗಿದು ಕುಳಿಗೆ ಇಳಿದರು, ಮಗ್ಗಕ್ಕೆ ಕೈಮುಗಿದು ಹೊದಿಸಿದ ಪಂಚೆ ತೆಗೆದರು. ಅರ್ಧ ಸೀರೆ ಎಷ್ಟೋ ತಿಂಗಳ ಮೇಲೆ ಬೆಳಕಿಗೆ ಬಂತು. ಲಾಳಿ ಕೈಗೆತ್ತಿಕೊಂಡು ನೋಡಿದರೆ ಅದು ಖಾಲಿ.

ಕಂಡಿಕೆಯ ಬುಟ್ಟಿ ಯಜಮಾನರ ಎಡಗಡೆ ಇತ್ತು. ಬಲಗೈ ಕುರ್ಚಿಯ ತೋಳನ್ನು ಭದ್ರವಾಗಿ ಹಿಡಿದಿತ್ತು. ಅವರು ಯೋಚಿಸಿದರೋ ಇಲ್ಲವೋ ನನಗೆ ಗೊತ್ತಿಲ್ಲ. ಎಡಗೈ ಬುಟ್ಟಿಯೊಳಗೆ ಹೋಯಿತು. ಹೆಬ್ಬೆರಳು ತೋರುಬೆರಳು ಒಂದು ಕಂಡಿಕೆಯನ್ನು ಹಿಡಿದವು, ಅವರೇ ಸುತ್ತಿದ್ದು. ಕೈ ಮೇಲೆದ್ದು ಮುಂದಕ್ಕೆ ಚಾಚಿತು.

ಕುಳಿಗೂ ಅವರಿಗೂ ನಡುವೆ ನಿಂತಿದ್ದವರು ಅಜ್ಜಿ. ಹಬ್ಬದ ಬೆಳಿಗ್ಗೆ, ಪೂಜೆ ಮಾಡಿದ ಮಗ್ಗ, ವರ್ಷದ ಮೊದಲ ಕಂಡಿಕೆ, ಎಡಗೈ. ಕೋಣೆಯಲ್ಲಿದ್ದವರೆಲ್ಲ ಅದನ್ನೇ ನೋಡುತ್ತಿದ್ದೆವು. ಆಗಲೇ ಯಜಮಾನರಿಗೂ ಗೊತ್ತಾಯಿತೆಂದು ತೋರುತ್ತದೆ, ತಾನು ಚಾಚಿದ್ದು ಯಾವ ಕೈ ಎಂದು. ಮುಖ ಕೆಂಪಾಯಿತು, ಕೈಯನ್ನು ಹಿಂದಕ್ಕೆ ಎಳೆದುಕೊಳ್ಳಲು ಹೋದರು.

ಅಜ್ಜಿ ಆರತಿ ತಟ್ಟೆಯನ್ನು ನೆಲಕ್ಕಿಟ್ಟರು. ಸೆರಗನ್ನು ಎರಡೂ ಕೈಯಲ್ಲಿ ಒಡ್ಡಿ ಮಗನ ಕೈಯ ಕೆಳಗೆ ಹಿಡಿದರು. ಬೆರಳು ಸಡಿಲವಾಗಿ ಕಂಡಿಕೆ ಸೆರಗಿನೊಳಗೆ ಬಿತ್ತು. ಅಜ್ಜಿ ಅದನ್ನು ತೆಗೆದು, ಮೊದಲು ಒಂದು ಕಣ್ಣಿಗೆ, ಆಮೇಲೆ ಇನ್ನೊಂದು ಕಣ್ಣಿಗೆ ಒತ್ತಿಕೊಂಡು, ಕೆಳಗೆ ಸೊಸೆಯ ಕೈಗೆ ಕೊಟ್ಟರು.

ಅಕ್ಕ ಕಂಡಿಕೆಯನ್ನು ಲಾಳಿಗೆ ಕೂರಿಸಿ, ಲಾಳಿಯ ಕಣ್ಣಿಗೆ ಬಾಯಿಟ್ಟು ನೂಲು ಎಳೆದರು. ಮಗ್ಗ ಸದ್ದು ಮಾಡಿತು. ಒಂದು ಎಳೆ, ಇನ್ನೊಂದು. ಯಜಮಾನರು ಅಳುತ್ತಿದ್ದರು, ಒರೆಸಿಕೊಳ್ಳುತ್ತಲೂ ಇರಲಿಲ್ಲ. ನಾನೂ ಅಷ್ಟೇ. ನಾಲ್ಕನೆಯ ಎಳೆಯಾದ ಮೇಲೆ ಅಕ್ಕ ನಿಲ್ಲಿಸಿ ತಲೆ ಎತ್ತಿದರು. ಶಾಸ್ತ್ರಕ್ಕೆ ಅಷ್ಟು ಸಾಕಿತ್ತು.

ಅಜ್ಜಿ ಮಾತ್ರ ಸೆರಗು ಒಡ್ಡಿಕೊಂಡೇ ನಿಂತಿದ್ದರು.

“ಇನ್ನೊಂದು ಕೊಡು, ನನ್ ಸಾಮಿ,” ಎಂದರು ಮಗನಿಗೆ. “ಆ ಕೈಲೇ ಕೊಡು.”